ಆಡುವವರು, ಆಡಿಸುವವರು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಕ್ರೀಡೆ ಮತ್ತು ಜೀವನ’. ಇದು ಬಹಳ ದೊಡ್ಡ ವಿಷಯ. ಇದರ ಮೇಲೆ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಮಾತನಾಡಬಹುದು. ನನಗೆ ಕೊಟ್ಟಿರುವುದು ಅರ್ಧ ತಾಸು. ಆದ್ದರಿಂದ ವಿಷಯವನ್ನು ಸ್ವಲ್ಪ ಸಣ್ಣದು ಮಾಡಿಕೊಳ್ಳುತ್ತೇನೆ. ಆಟಗಾರ ಆಟ ಬಿಟ್ಟ ಮೇಲೆ ಏನಾಗುತ್ತಾನೆ? ಆಡುತ್ತಿದ್ದವನು ಆಡಿಸುವವನಾದರೆ ಅವನಲ್ಲಿ ಏನು ಬದಲಾಗಬೇಕಾಗುತ್ತದೆ? ಇಷ್ಟನ್ನೇ ಹೇಳಿ, ಕೊನೆಗೆ ಈ ಶಾಲೆಗಾಗಿ ಒಂದು ಬೇಡಿಕೆ ಇಟ್ಟು ಕುಳಿತುಕೊಳ್ಳುತ್ತೇನೆ.

ಮೊದಲು ನನ್ನ ಪರಿಚಯ ಎರಡು ಮಾತಿನಲ್ಲಿ. ನಾನು ಬಾಸ್ಕೆಟ್‌ಬಾಲ್ ಆಟಗಾರ. ಈ ಶಾಲೆಯಲ್ಲಿ ಓದುವಾಗ ಆ ಚೆಂಡನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ನಮಗೆ ಗೊತ್ತಿದ್ದದ್ದು ಕಬಡ್ಡಿ, ಖೋ ಖೋ, ಚಿಣಿ ದಾಂಡು, ಊರ ಜಾತ್ರೆಯ ಕುಸ್ತಿ. ಕಾಲೇಜಿಗೆಂದು ಧಾರವಾಡಕ್ಕೆ ಹೋದಾಗ ಮೊದಲ ಸಲ ಆ ಕಬ್ಬಿಣದ ಬಳೆ, ಅದರ ಹಿಂದಿನ ಹಲಗೆ ನೋಡಿದೆ. ಎತ್ತರ ಇದ್ದೆ, ಓಡುತ್ತಿದ್ದೆ, ತಂಡಕ್ಕೆ ಸೇರಿಸಿಕೊಂಡರು. ಮುಂದೆ ಅದೇ ಆಟ ನನಗೆ ನೌಕರಿ ಕೊಟ್ಟಿತು. ಇಲಾಖೆಯೊಂದರ ತಂಡಕ್ಕೆ ಹದಿನಾಲ್ಕು ವರ್ಷ ಆಡಿದೆ. ಮೊಣಕಾಲು ಸಾಕು ಎಂದಾಗ ತರಬೇತುದಾರರ ಕೋರ್ಸು ಮುಗಿಸಿ, ಮಕ್ಕಳಿಗೆ ಕಲಿಸಲು ನಿಂತೆ. ಈಗ ಅದಕ್ಕೂ ಹದಿನೆಂಟು ವರ್ಷ ಮೀರಿದೆ.

ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ವೃತ್ತಿ ಎಂದರೆ ಕೋಟಿಗಟ್ಟಲೆ ಹಣ. ನಮ್ಮಲ್ಲಿ ಹಾಗಿಲ್ಲ. ನಮ್ಮ ದೇಶದಲ್ಲಿ ಈ ಆಟವನ್ನು ಬದುಕಾಗಿ ಮಾಡಿಕೊಂಡವರು ಹೆಚ್ಚಿನಂಶ ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು, ಸರ್ಕಾರಿ ಕಂಪನಿಗಳ ನೌಕರರು. ಬೆಳಿಗ್ಗೆ ಐದೂವರೆಗೆ ಅಂಗಣ, ಹತ್ತೂವರೆಗೆ ಕಚೇರಿ, ಸಂಜೆ ಮತ್ತೆ ಅಂಗಣ. ಪಂದ್ಯಾವಳಿ ಬಂದರೆ ರಜೆ, ಮುಗಿದರೆ ಮತ್ತೆ ಕಡತ. ನಮ್ಮ ಪುರುಷರ ತಂಡ ಒಲಿಂಪಿಕ್ಸಿನಲ್ಲಿ ಆಡಿದ್ದು ಒಂದೇ ಸಲ, 1980ರಲ್ಲಿ, ಮಾಸ್ಕೋದಲ್ಲಿ. ಆಡಿದ ಪಂದ್ಯಗಳನ್ನೆಲ್ಲ ಸೋತು ಬಂದಿತು. ಆದರೂ ಆ ಹನ್ನೆರಡು ಜನರ ಹೆಸರನ್ನು ನಮ್ಮ ತಲೆಮಾರಿನವರು ಗೌರವದಿಂದ ಹೇಳುತ್ತಿದ್ದೆವು. ಅಲ್ಲಿ ಹೋಗಿ ನಿಂತರಲ್ಲ, ಅದು ಸಣ್ಣ ಮಾತಲ್ಲ.

ಈಗ ಮಕ್ಕಳಿಗೆ ಒಂದು ಲೆಕ್ಕ ಕೇಳುತ್ತೇನೆ. ಬಾಸ್ಕೆಟ್‌ಬಾಲ್ ಪಂದ್ಯ 40 ನಿಮಿಷ. ಅಂಗಣದಲ್ಲಿ ಒಂದೊಂದು ಕಡೆ ಐದು, ಒಟ್ಟು ಹತ್ತು ಜನ. ಚೆಂಡು ಒಂದೇ. ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಚೆಂಡು ಎಷ್ಟು ನಿಮಿಷ ಬರುತ್ತದೆ? ಹೌದು, ನಾಲ್ಕು ನಿಮಿಷ. ಉಳಿದ ಮೂವತ್ತಾರು ನಿಮಿಷ ನಿನ್ನ ಕೈಯಲ್ಲಿ ಚೆಂಡಿಲ್ಲ. ಆ ಮೂವತ್ತಾರು ನಿಮಿಷ ನೀನು ಏನು ಮಾಡುತ್ತೀ? ಎದುರಾಳಿಯ ದಾರಿ ಕಟ್ಟುತ್ತೀಯಾ, ಗೆಳೆಯನಿಗೆ ಜಾಗ ಮಾಡಿಕೊಡುತ್ತೀಯಾ, ಬಳೆಗೆ ಬಡಿದು ಹೊರಬಿದ್ದ ಚೆಂಡಿಗೆ ಹಾರುತ್ತೀಯಾ, ಅಥವಾ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತೀಯಾ? ಪ್ರೇಕ್ಷಕರು ನೋಡುವುದು ನಾಲ್ಕು ನಿಮಿಷವನ್ನು. ಕೋಚ್ ನೋಡಬೇಕಾದದ್ದು ಮೂವತ್ತಾರು ನಿಮಿಷವನ್ನು.

ಆಡುವಾಗ ನನ್ನ ಕಣ್ಣು ಚೆಂಡಿನ ಹಿಂದೆ ಓಡುತ್ತಿತ್ತು. ಆಡಿಸಲು ನಿಂತ ಮೇಲೆ ಚೆಂಡಿಲ್ಲದ ಹುಡುಗನ ಮೇಲೆ ಕಣ್ಣಿಡುವುದನ್ನು ಕಲಿಯಬೇಕಾಯಿತು. ಹೇಳಲು ಸುಲಭ. ಹದಿನಾಲ್ಕು ವರ್ಷದ ಚಟವನ್ನು ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಈ ಆಟ ಹುಟ್ಟಿದ್ದೇ ಒಬ್ಬ ವ್ಯಾಯಾಮ ಶಿಕ್ಷಕನ ತಲೆನೋವಿನಿಂದ ಎಂಬುದು ಇಲ್ಲಿ ಕುಳಿತ ಶಿಕ್ಷಕರಿಗೆ ಇಷ್ಟವಾಗಬಹುದು. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಚಳಿ, ಒಳಗೆ ಬರೀ ಕವಾಯತು ಮಾಡಿ ಬೇಸತ್ತ ಹದಿನೆಂಟು ಜನ ವಿದ್ಯಾರ್ಥಿಗಳು. ಆ ತರಗತಿಯನ್ನು ಹೇಗಾದರೂ ಸಂಭಾಳಿಸು ಎಂದು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನಿಗೆ ಒಪ್ಪಿಸಿದರು. ಆತ ಜವಾನನಿಗೆ ಎರಡು ಪೆಟ್ಟಿಗೆ ತಂದುಕೊಡು ಎಂದ. ಪೆಟ್ಟಿಗೆ ಸಿಗಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿ ಸಿಕ್ಕವು. ಅವನ್ನು ಮೇಲಂತಸ್ತಿನ ಕಟಕಟೆಗೆ ಹೊಡೆದ. ಆ ಕಟಕಟೆಯ ಎತ್ತರ ಹತ್ತು ಅಡಿ ಇತ್ತು. ಇಂದಿಗೂ ಜಗತ್ತಿನ ಯಾವ ಅಂಗಣಕ್ಕೆ ಹೋದರೂ ಬಳೆಯ ಎತ್ತರ ಹತ್ತೇ ಅಡಿ. ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ. ಮೊದಲ ದಿನದ ಆಟದಲ್ಲಿ ಬಿದ್ದದ್ದು ಒಂದೇ ಗೋಲು.

ಅದೇ ನೈಸ್ಮಿತ್ ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆದರು. 55 ಪಂದ್ಯ ಗೆದ್ದರು, 60 ಸೋತರು. ಆಟವನ್ನೇ ಹುಟ್ಟಿಸಿದವರು ಕೋಚ್ ಆಗಿ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು! ಆದರೆ ಅವರ ಶಿಷ್ಯ ಫಾಗ್ ಅಲೆನ್ ಅದೇ ವಿಶ್ವವಿದ್ಯಾಲಯದಲ್ಲಿ ಕೋಚಾಗಿ ಬೆಳೆದು ದೊಡ್ಡ ಹೆಸರು ಮಾಡಿದರು. ಆ ಅಲೆನ್ ಅವರ ಕೈಯಲ್ಲಿ ಆಡಿದ ಡೀನ್ ಸ್ಮಿತ್ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗಿ ಅಷ್ಟೇ ದೊಡ್ಡ ಕೋಚ್ ಆದರು. ಆಡಿಸುವವನ ಲೆಕ್ಕವನ್ನು ಅವನು ಗೆದ್ದ ಪಂದ್ಯಗಳಿಂದ ಮಾತ್ರ ತೆಗೆಯಬಾರದು, ಅವನ ಕೈಯಿಂದ ಹೊರಟವರು ಏನಾದರು ಎಂಬುದರಿಂದಲೂ ತೆಗೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಕೋಚ್ ಎಂಬ ಶಬ್ದ ಬರುವ ಎಷ್ಟೋ ಮೊದಲೇ ‘ವಸ್ತಾದ’ ಎಂಬ ಶಬ್ದ ಇತ್ತು. ಗರಡಿಮನೆಯ ವಸ್ತಾದ. ಪೈಲವಾನನ ಊಟ, ನಿದ್ದೆ, ನಡತೆ ಎಲ್ಲದರ ಜವಾಬ್ದಾರಿ ಅವನದು. ಅವನ ಬಗ್ಗೆ ಒಂದು ಮಾತು ಹೇಳುತ್ತಾರೆ, ಹಿರಿಯರು ಕೇಳಿರುತ್ತೀರಿ: ವಸ್ತಾದ ಎಲ್ಲಾ ಪಟ್ಟು ಕಲಸ್ತಾನ, ಒಂದು ಪಟ್ಟು ಮಾತ್ರ ಮುಚ್ಚಿಟ್ಟುಕೊಂಡಿರ್ತಾನ. ನಾಳೆ ಶಿಷ್ಯನೇ ಸೆಡ್ಡು ಹೊಡೆದು ಎದುರು ನಿಂತರೆ ಬೇಕಲ್ಲ! ಈ ಮಾತನ್ನು ನಾವು ಜಾಣತನ ಎಂದು ಹೇಳಿಕೊಂಡು ನಗುತ್ತೇವೆ. ನನಗನಿಸುವಂತೆ ಅದು ಇನ್ನೂ ಆಡುವ ಆಸೆ ಬಿಡದ ಮನುಷ್ಯನ ಮಾತು. ಶಿಷ್ಯನನ್ನು ಎಂದೋ ಒಂದು ದಿನ ತಾನೇ ಕೆಡವಬೇಕು ಎಂದುಕೊಂಡವನು ಅರ್ಧ ಕೋಚ್, ಅರ್ಧ ಎದುರಾಳಿ.

ಒಂದೂ ಪಟ್ಟು ಮುಚ್ಚಿಡದ ಆಟಗಾರನೊಬ್ಬ ನಮ್ಮ ಕರ್ನಾಟಕದವನೇ ಇದ್ದಾನೆ. ಅವರ ಆಟ ನನ್ನದಲ್ಲ, ಕ್ರಿಕೆಟ್. ಆದರೆ ಆಡುವವನು ಆಡಿಸುವವನಾಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅವರನ್ನೇ. ರಾಹುಲ್ ದ್ರಾವಿಡ್. ಹೆಸರು ಕೇಳಿದ ಕೂಡಲೆ ಹಿಂದಿನ ಸಾಲಿನಲ್ಲಿ ಸೀಟಿ ಬಿತ್ತು, ಬೀಳಲಿ. ಹುಟ್ಟಿದ್ದು 1973ರಲ್ಲಿ ಇಂದೂರಿನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಇದು ಗಡಿಯ ಮೇಲಿರುವ ನಮ್ಮ ಕಾಗವಾಡ ತಾಲೂಕಿನ ಎಷ್ಟೋ ಮನೆಗಳ ಕತೆಯೇ ತಾನೆ! ತಂದೆ ಜಾಮ್ ತಯಾರಿಸುವ ಕಂಪನಿಯಲ್ಲಿದ್ದರು, ತಾಯಿ ವಾಸ್ತುಶಿಲ್ಪ ಕಲಿಸುವ ಪ್ರಾಧ್ಯಾಪಕಿ.

ಆಟಗಾರನಾಗಿ ಅವರ ಅಂಕಿಸಂಖ್ಯೆ ನಿಮಗೆ ಗೊತ್ತಿದೆ. 164 ಟೆಸ್ಟ್, 13,288 ರನ್, 36 ಶತಕ. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಂಕಿ ಇನ್ನೊಂದು: 31,258. ಟೆಸ್ಟ್ ಕ್ರಿಕೆಟ್ಟಿನಲ್ಲಿ ಅವರು ಎದುರಿಸಿದ ಚೆಂಡುಗಳ ಸಂಖ್ಯೆ ಅದು. ಅವರು ಆಡಿದ ಕಾಲದಲ್ಲಿ ಜಗತ್ತಿನ ಇನ್ನಾವ ಬ್ಯಾಟ್ಸ್‌ಮನ್ನೂ ಅಷ್ಟು ಚೆಂಡು ಎದುರಿಸಿರಲಿಲ್ಲ. 2001ರ ಮಾರ್ಚಿನಲ್ಲಿ ಕೋಲ್ಕತ್ತದಲ್ಲಿ ಫಾಲೋಆನ್ ಆದ ಮೇಲೆ, ಲಕ್ಷ್ಮಣ್ ಜೊತೆ ಒಂದು ಇಡೀ ದಿನ ವಿಕೆಟ್ ಬೀಳದಂತೆ ಆಡಿ 376 ರನ್ ಜೊತೆಯಾಟ ಕಟ್ಟಿದರಲ್ಲ, ಅಂದು ಲಕ್ಷ್ಮಣರ 281 ಎಲ್ಲರಿಗೂ ನೆನಪಿದೆ, ದ್ರಾವಿಡರ 180 ಸ್ವಲ್ಪ ಕಡಿಮೆ ನೆನಪಿದೆ. ಇನ್ನೊಬ್ಬರು ದೊಡ್ಡದಾಗಿ ಆಡುವಾಗ ಮತ್ತೊಂದು ತುದಿಯಲ್ಲಿ ನಿಲ್ಲುವ ಕೆಲಸ ಅದು. ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಾದಾಗ ತಾನೇ ವಿಕೆಟ್ ಕೀಪರ್ ಆಗಿ ನಿಂತರು, 2003ರ ವಿಶ್ವಕಪ್ಪಿನಲ್ಲಿ. ನಾನು ಹೇಳಿದ ಮೂವತ್ತಾರು ನಿಮಿಷದ ಆಟ ಇದೇ.

ಈಗ ಪಟ್ಟಿನ ಮಾತು. 2010ರಲ್ಲಿ ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಎಡಗೈ ಸ್ಪಿನ್ನರುಗಳ ಎದುರು ಪದೇ ಪದೇ ಔಟಾಗಿ ಕಂಗೆಟ್ಟಿದ್ದರು. ದ್ರಾವಿಡ್ ಅವರಿಗೆ ಒಂದು ಉದ್ದನೆಯ ಇ-ಮೇಲ್ ಬರೆದರು. ಅಭ್ಯಾಸ ಮಾಡುವಾಗ ಪ್ಯಾಡ್ ಕಟ್ಟಿಕೊಳ್ಳದೆ ಸ್ಪಿನ್ ಆಡಿ ನೋಡು, ಕಾಲಿಗೆ ರಕ್ಷಣೆ ಇಲ್ಲದಾಗ ಬ್ಯಾಟನ್ನು ಮುಂದಿಡಲೇಬೇಕಾಗುತ್ತದೆ ಎಂಬ ಅರ್ಥದ ಸಲಹೆ ಅದರಲ್ಲಿತ್ತು. ಪೀಟರ್ಸನ್ ಅದನ್ನು ಮುಂದೆ ತಮ್ಮ ಆತ್ಮಕತೆಯಲ್ಲಿ ಪ್ರಕಟಿಸಿದರು. ಆಗ ದ್ರಾವಿಡ್ ಇನ್ನೂ ಭಾರತಕ್ಕೆ ಆಡುತ್ತಿದ್ದರು, ಪೀಟರ್ಸನ್ ಎದುರಾಳಿ ದೇಶದವರು. ಅಂದರೆ ದ್ರಾವಿಡ್ ಕೋಚ್ ಎಂಬ ಹುದ್ದೆ ಸಿಗುವ ಮೊದಲೇ ಮನಸ್ಸಿನಿಂದ ಆಡಿಸುವವರಾಗಿದ್ದರು.

2012ರ ಮಾರ್ಚಿನಲ್ಲಿ ನಿವೃತ್ತರಾದರು. 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆದರು. ಅಷ್ಟು ದೊಡ್ಡ ಹೆಸರಿನವರು ನೇರವಾಗಿ ದೊಡ್ಡ ತಂಡಕ್ಕೆ ಹೋಗದೆ ಹುಡುಗರ ಹತ್ತಿರ ಹೋದದ್ದನ್ನು ಗಮನಿಸಿ. ಅಲ್ಲಿ ಅವರು ಪಾಲಿಸಿದ ಎರಡು ಸಂಗತಿಗಳು ನನ್ನಂಥ ಸಣ್ಣ ಕೋಚ್‌ಗಳಿಗೆ ಪಾಠದಂತಿವೆ. ಒಂದು, ಪ್ರವಾಸಕ್ಕೆ ಬಂದವರೆಲ್ಲರಿಗೂ ಆಡಲು ಅವಕಾಶ. ತಾವು ಚಿಕ್ಕವರಿದ್ದಾಗ ತಂಡದ ಜೊತೆ ಹೋಗಿ, ಒಂದೂ ಪಂದ್ಯ ಆಡದೆ ಮರಳಿ ಬರುವುದು ಎಷ್ಟು ಕಷ್ಟ ಎಂಬುದು ಅವರಿಗೆ ನೆನಪಿತ್ತು. ಹಾಗಾಗಿ ಹೊರಡುವಾಗಲೇ ಹುಡುಗರಿಗೆ ಹೇಳಿಬಿಡುತ್ತಿದ್ದರು, ಇಲ್ಲಿ ಎಲ್ಲರೂ ಆಡುತ್ತೀರಿ ಎಂದು. ಎರಡು, ಒಬ್ಬ ಹುಡುಗ 19 ವರ್ಷದೊಳಗಿನವರ ವಿಶ್ವಕಪ್ ಒಂದೇ ಸಲ ಆಡಬೇಕು, ಎರಡನೆಯ ಸಲ ಆ ಜಾಗ ಇನ್ನೊಬ್ಬನಿಗೆ. ಅನುಭವಿ ಹುಡುಗರನ್ನೇ ಮತ್ತೆ ಕರೆದೊಯ್ದರೆ ಕಪ್ ಗೆಲ್ಲುವುದು ಸುಲಭವಾಗುತ್ತಿತ್ತು. ಆ ಸುಲಭದ ದಾರಿ ಅವರಿಗೆ ಬೇಕಿರಲಿಲ್ಲ.

2016ರ ಫೈನಲ್ ಸೋತರು. 2018ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಗೆದ್ದರು. ಬಹುಮಾನ ಘೋಷಣೆಯಾಯಿತು: ಕೋಚ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಇದನ್ನು ಒಪ್ಪಲಿಲ್ಲ, ಎಲ್ಲರೂ ಒಂದೇ ಕೆಲಸ ಮಾಡಿದ್ದೇವೆ ಎಂದರು. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಎಂದು ತೀರ್ಮಾನವಾಯಿತು ಎಂದು ಪತ್ರಿಕೆಗಳು ಬರೆದವು. ತನ್ನ ಪಾಲಿನ ಅರ್ಧ ಬಿಟ್ಟುಕೊಟ್ಟು ಮಾಡಿಸಿದ ಸಮಾನತೆ ಅದು. ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗಾಗಿ: 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಮುಂದಾದಾಗ ಅವರು ಬೇಡವೆಂದರು. ಪದವಿ ಬೇಕಾದರೆ ಕ್ರೀಡೆಯ ಮೇಲೆ ಸಂಶೋಧನೆ ಮಾಡಿಯೇ ಗಳಿಸುತ್ತೇನೆ ಎಂಬುದು ಅವರ ನಿಲುವಾಗಿತ್ತು.

2021ರ ನವೆಂಬರಿನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. 2022ರ ಟಿ-20 ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ 10 ವಿಕೆಟ್‌ಗಳ ಸೋಲು. 2023ರ ಜೂನ್‌ನಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಸೋಲು. ಅದೇ ವರ್ಷ ನವೆಂಬರ್ 19ರಂದು, ಸತತ ಹತ್ತು ಪಂದ್ಯ ಗೆದ್ದ ಮೇಲೆ, ಅಹಮದಾಬಾದಿನ ಫೈನಲ್ ಸೋಲು. ಆ ರಾತ್ರಿ ನಮ್ಮ ಊರಲ್ಲೂ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಏಳು ತಿಂಗಳ ನಂತರ, 2024ರ ಜೂನ್ 29ರಂದು, ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿ ಟಿ-20 ವಿಶ್ವಕಪ್ ಗೆದ್ದರು. ಬಾರ್ಬಡೋಸ್ ಇರುವುದು ವೆಸ್ಟ್ ಇಂಡೀಸಿನಲ್ಲಿ. 2007ರಲ್ಲಿ ದ್ರಾವಿಡ್ ನಾಯಕರಾಗಿದ್ದಾಗ ಭಾರತ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದದ್ದು ಅದೇ ವೆಸ್ಟ್ ಇಂಡೀಸಿನಿಂದ. ಗೆದ್ದ ರಾತ್ರಿ ಕೊಹ್ಲಿ ಕಪ್ಪನ್ನು ಅವರ ಕೈಗೆ ಕೊಟ್ಟಾಗ, ಜೀವಮಾನವೆಲ್ಲ ಸದ್ದಿಲ್ಲದೆ ಇದ್ದ ಆ ಮನುಷ್ಯ ಕೂಗಿ ಕುಣಿದದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ಹದಿನೇಳು ವರ್ಷ ಒಳಗೆ ಇಟ್ಟುಕೊಂಡದ್ದು ಅಂದು ಹೊರಗೆ ಬಂತು. ಆಡುವವನಾಗಿ ಸಿಗದಿದ್ದದ್ದು ಆಡಿಸುವವನಾಗಿ ಸಿಕ್ಕಿತು.

ಕ್ರಿಕೆಟ್ ದೂರದ ಮಾತಾಯಿತು ಎನ್ನುವವರಿಗೆ ನಮ್ಮ ಮಣ್ಣಿನ ಆಟದ ಉದಾಹರಣೆಯೂ ಇದೆ. ಕರ್ನಾಟಕದ ಬಿ.ಸಿ. ರಮೇಶ್ ಭಾರತಕ್ಕೆ ಕಬಡ್ಡಿ ಆಡಿದವರು, ಅರ್ಜುನ ಪ್ರಶಸ್ತಿ ಪಡೆದವರು. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ 2024ರಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಒಂದು ಬಂಗಾಳದ ಹೆಸರಿನ ತಂಡ, ಇನ್ನೊಂದು ಪುಣೆಯದು. ಕಲಿಸುವವನಿಗೆ ಗಡಿ ಇಲ್ಲ ಎಂಬುದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೀರಜಿನ ದವಾಖಾನೆಗೂ ಬೆಳಗಾವಿಯ ಕಚೇರಿಗೂ ಒಂದೇ ರೈಲು ಮಾರ್ಗದಲ್ಲಿ ಓಡಾಡುವವರು ನಾವು.

ಈಗ ನನ್ನ ಕೆಲಸದ ಒಂದು ಪ್ರಸಂಗ ಹೇಳುತ್ತೇನೆ. ಊರಿನ, ಮಗುವಿನ ಹೆಸರು ಹೇಳುವುದಿಲ್ಲ. ನಾನು 17 ವರ್ಷದೊಳಗಿನ ಹೆಣ್ಣುಮಕ್ಕಳ ತಂಡಕ್ಕೆ ಕಲಿಸುತ್ತಿದ್ದೆ. ತಂಡದಲ್ಲಿ ಹನ್ನೆರಡು ಜನ. ಹನ್ನೆರಡನೆಯ ಹುಡುಗಿ ಕಬ್ಬು ಕಡಿಯುವ ಮನೆತನದವಳು. ಎತ್ತರ ಕಡಿಮೆ, ಗುರಿ ಅಷ್ಟಕ್ಕಷ್ಟೆ. ಆದರೆ ಅಭ್ಯಾಸಕ್ಕೆ ಒಂದು ದಿನ ತಪ್ಪಿಸಿದವಳಲ್ಲ. ವರ್ಷದ ಆರಂಭದಲ್ಲೇ ನಾನು ಮಕ್ಕಳಿಗೆ ಮಾತು ಕೊಟ್ಟಿದ್ದೆ: ಪ್ರತಿ ಪಂದ್ಯದಲ್ಲೂ ಹನ್ನೆರಡೂ ಜನ ಅಂಗಣಕ್ಕೆ ಇಳಿಯುತ್ತೀರಿ.

ಮಧ್ಯದಲ್ಲಿ ಅವಳ ತಂದೆ ಬಂದರು. “ಸರ್, ಹುಡಿಗಿ ದೊಡ್ಡಾಕಿ ಆಗ್ಯಾಳ. ಇನ್ನ ಚಡ್ಡಿ ಹಾಕ್ಕೊಂಡು ಜಿಗಿಯೂದು ಸಾಕು. ಮಂದಿ ಮಾತಾಡ್ತಾರ” ಎಂದರು. ನಾನು ವಾದ ಮಾಡಲಿಲ್ಲ. “ಯಜಮಾನರ, ಒಂದ ಸಲ ಬಂದು ಕುಂತು ನೋಡ್ರಿ. ಆಮ್ಯಾಲೆ ನೀವು ಹೇಳಿದಂಗ” ಎಂದೆ. ಅವರು ಬಂದದ್ದು ಫೈನಲ್ ದಿನವೇ. ಮೂರನೆಯ ಕ್ವಾರ್ಟರಿನಲ್ಲಿ, ನಾವು ನಾಲ್ಕು ಅಂಕ ಮುಂದಿದ್ದಾಗ, ಅವಳನ್ನು ಇಳಿಸಿದೆ. ಆರು ನಿಮಿಷ ಆಡಿದಳು. ಅಂಕ ಗಳಿಸಲಿಲ್ಲ. ಎದುರು ತಂಡದ ಒಳ್ಳೆಯ ಆಟಗಾರ್ತಿಯ ಬೆನ್ನು ಬಿಡದೆ ಕಾಯ್ದಳು. ಪಂದ್ಯವನ್ನು ನಾವು ಎರಡು ಅಂಕಗಳಿಂದ ಸೋತೆವು.

ಆಮೇಲೆ ನನ್ನ ಮೇಲೆ ಬಹಳ ಜನ ಸಿಟ್ಟಾದರು. “ಗೆಲ್ಲೂ ಮ್ಯಾಚ್ ಕಳದ್ರಿ ಸರ್, ಆ ಹುಡಿಗೀನ ಯಾಕ ಇಳಿಸಿದ್ರಿ?” ಎಂದರು. ಅವಳನ್ನು ಇಳಿಸದಿದ್ದರೆ ಗೆಲ್ಲುತ್ತಿದ್ದೆವೇ ಎಂದು ಯಾರೂ ಖಚಿತವಾಗಿ ಹೇಳಲಾರರು. ನಾನು ಕೊಟ್ಟ ಮಾತು ಮಾತ್ರ ಖಚಿತವಾಗಿತ್ತು. ಅವಳ ತಂದೆ ಹೋಗುವಾಗ ನನಗೇನೂ ಹೇಳಲಿಲ್ಲ, ಮಗಳ ಚೀಲ ತಾವೇ ಹೆಗಲಿಗೆ ಹಾಕಿಕೊಂಡು ಹೋದರು. ಮರುದಿನ ಅವಳು ಅಭ್ಯಾಸಕ್ಕೆ ಬಂದಳು. ಇವತ್ತು ಆಕೆ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಅಂದು ಗೆದ್ದ ತಂಡದ ಕಪ್ ಯಾವ ಕಪಾಟಿನಲ್ಲಿದೆಯೋ, ಇಷ್ಟರಲ್ಲಿ ಬಣ್ಣ ಹೋಗಿರಬಹುದು. ಈಕೆಯ ಮೈದಾನಕ್ಕೆ ಮಾತ್ರ ದಿನಾ ಸಂಜೆ ಐವತ್ತು ಮಕ್ಕಳು ಬರುತ್ತಾರೆ.

ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ಇನ್ನೊಂದು ಮಾತು. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ನಡೆಯಿತು. ಬಿ ವಿಭಾಗದ ಫೈನಲ್ಲಿನಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಆ ಮಕ್ಕಳೂ ಒಂದು ಕಾಲದಲ್ಲಿ ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿ ಇದ್ದವರೇ. ಅವರ ಮನೆಯವರು ‘ಇನ್ನು ಸಾಕು’ ಎಂದು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಊರ ಮಕ್ಕಳಿಗೆ ಈ ಆಟ ಬರುತ್ತದೆಯೇ ಎಂದು ಕೇಳಬಹುದು. ಅರ್ಧ ಈಗಾಗಲೇ ಬರುತ್ತದೆ. ಕಬಡ್ಡಿ ಆಡುವ ಹುಡುಗ ಮೊಣಕಾಲು ಬಾಗಿಸಿ, ಕೈ ಚಾಚಿ, ಪಕ್ಕಕ್ಕೆ ಹೆಜ್ಜೆ ಹಾಕುತ್ತಾನಲ್ಲ, ಬಾಸ್ಕೆಟ್‌ಬಾಲಿನಲ್ಲಿ ರಕ್ಷಣೆಗೆ ನಿಲ್ಲುವ ರೀತಿಯೂ ಹೆಚ್ಚುಕಡಿಮೆ ಅದೇ. ಪಟ್ಟಣದ ಮಕ್ಕಳಿಗೆ ಅದನ್ನು ಕಲಿಸಲು ನನಗೆ ಆರು ತಿಂಗಳು ಬೇಕಾಗುತ್ತದೆ. ಖೋ ಖೋ ಆಡುವ ಹುಡುಗಿ ಓಡುತ್ತಲೇ ಗಕ್ಕನೆ ದಿಕ್ಕು ಬದಲಿಸುತ್ತಾಳಲ್ಲ, ಎದುರಾಳಿಯನ್ನು ತಪ್ಪಿಸಿ ಬಳೆಯ ಕಡೆ ನುಗ್ಗಲು ಬೇಕಾದದ್ದು ಅದೇ ತಿರುವು. ಚೆಂಡಿನ ಕೆಲಸವೊಂದನ್ನು ಕಲಿಸಿದರೆ ಆಯಿತು.

ಇನ್ನು ನನ್ನ ಬೇಡಿಕೆ. ಸುವರ್ಣ ಮಹೋತ್ಸವಕ್ಕೆಂದು ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಸಮಾರಂಭದ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ, ಅದರಲ್ಲಿ ಶಾಲೆಯ ಬಾಗಿಲಿಗೆ ಸ್ವಾಗತ ಕಮಾನು ಕಟ್ಟುವ ವಿಚಾರವಿದೆ ಎಂದು ಕೇಳಿದೆ. ಕಮಾನಿನ ಬಗ್ಗೆ ನನಗೆ ಬೇಸರವಿಲ್ಲ. ದಾನಿಗಳ ಹೆಸರು ಕಲ್ಲಿನಲ್ಲಿ ಉಳಿಯಬೇಕು ಎಂಬ ಆಸೆಯೂ ತಪ್ಪಲ್ಲ. ಆದರೆ ಕಮಾನಿನ ಕೆಳಗೆ ಮಗು ದಿನಕ್ಕೆ ಎರಡು ಸಲ ಹಾದುಹೋಗುತ್ತದೆ, ಹೆಚ್ಚೆಂದರೆ ಒಂದು ನಿಮಿಷ. ಅದೇ ಹಣದಲ್ಲಿ ಅರ್ಧ ಅಂಗಣವನ್ನು ಕಟ್ಟಬಹುದು.

ಪೂರ್ತಿ ಬಾಸ್ಕೆಟ್‌ಬಾಲ್ ಅಂಗಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ಅಷ್ಟು ಬೇಡ. ಈಗ ಮೂರು ಮೂರು ಜನ ಒಂದೇ ಬಳೆಗೆ ಆಡುವ 3x3 ಎಂಬ ಆಟ ಒಲಿಂಪಿಕ್ಸಿಗೂ ಬಂದಿದೆ. 2021ರಲ್ಲಿ ಟೋಕಿಯೊದಲ್ಲಿ ಮೊದಲ ಸಲ ಆಡಿಸಿದರು. ಹತ್ತು ನಿಮಿಷದ ಆಟ, ಯಾರು ಮೊದಲು 21 ಅಂಕ ಮುಟ್ಟುತ್ತಾರೋ ಅವರು ಗೆದ್ದಂತೆ. ಅದಕ್ಕೆ ಬೇಕಾದದ್ದು 15 ಮೀಟರ್ ಅಗಲ, 11 ಮೀಟರ್ ಉದ್ದದ ಸಮತಟ್ಟಾದ ಕಾಂಕ್ರೀಟು ನೆಲ, ಒಂದು ಕಂಬ, ಒಂದು ಹಲಗೆ, ಒಂದು ಬಳೆ. ಬಳೆ ಮಾತ್ರ ಸರಿಯಾಗಿ ಹತ್ತು ಅಡಿಗೆ ಇರಲಿ. ದಾನಿಗಳ ಹೆಸರನ್ನು ಹಲಗೆಯ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಬರೆಸೋಣ, ರಸ್ತೆಯಿಂದಲೂ ಕಾಣಲಿ.

ಆದರೆ ಇಷ್ಟರಿಂದ ಕೆಲಸ ಮುಗಿಯುವುದಿಲ್ಲ. ಅಂಗಣ ಕಟ್ಟಿ, ಉದ್ಘಾಟನೆ ಮಾಡಿ, ಆಮೇಲೆ ಅಲ್ಲಿ ಮೆಣಸಿನಕಾಯಿ ಒಣಗಿಸಿದ್ದನ್ನು ನಾನು ಬೇರೆ ಊರುಗಳಲ್ಲಿ ನೋಡಿದ್ದೇನೆ. ನಿಂತು ಆಡಿಸುವವರು ಬೇಕು. ಶಾಲೆಯ ದೈಹಿಕ ಶಿಕ್ಷಕರೊಬ್ಬರೇ ಎಲ್ಲವನ್ನೂ ಮಾಡಲಾರರು. ವಲಯ ಮಟ್ಟ, ತಾಲೂಕು ಮಟ್ಟ, ಚಿಕ್ಕೋಡಿ ಜಿಲ್ಲಾ ಮಟ್ಟ ಎಂದು ಓಡಾಡುವುದರಲ್ಲೇ ಅವರ ಅರ್ಧ ವರ್ಷ ಹೋಗುತ್ತದೆ. ಊರಲ್ಲಿ ಆಡಿ ಬಿಟ್ಟವರು ಇದ್ದೀರಿ. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರು, ಕಬ್ಬಿನ ಗದ್ದೆಯಲ್ಲಿರುವವರು, ಕಬಡ್ಡಿಯಲ್ಲಿ ಜಿಲ್ಲೆಗೆ ಆಡಿದವರು, ಖೋ ಖೋ ಆಡಿ ಮದುವೆಯಾಗಿ ಇದೇ ಊರಿಗೆ ಬಂದ ಸೊಸೆಯಂದಿರು. ವಾರಕ್ಕೆ ಎರಡು ಸಂಜೆ, ಒಂದೊಂದು ತಾಸು. ನಾಲ್ಕು ಜನ ಒಪ್ಪಿದರೆ ಸಾಕು. ಚೆಂಡಿನ ಕೆಲಸವನ್ನು ಅವರಿಗೆ ಹೇಳಿಕೊಡಲು ಪ್ರತಿ ತಿಂಗಳ ಮೊದಲ ಶನಿವಾರ, ರವಿವಾರ ನಾನು ಇಲ್ಲಿಗೆ ಬರುತ್ತೇನೆ. ಬಸ್ ಚಾರ್ಜನ್ನೂ ಕೇಳುವುದಿಲ್ಲ. ಒಂದೂ ಪಟ್ಟು ಮುಚ್ಚಿಡುವುದಿಲ್ಲ.

ಶಿಕ್ಷಕ ಬಂಧುಗಳಲ್ಲೂ ಒಂದು ವಿನಂತಿ. ಪರೀಕ್ಷೆ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಆಟದ ಅವಧಿಗೆ. ಗಣಿತ ಉಳಿದಿದೆ, ವಿಜ್ಞಾನ ಉಳಿದಿದೆ ಎಂದು ತೆಗೆದುಕೊಳ್ಳುತ್ತೀರಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರು ನೀವು. ಆದರೆ ಹತ್ತನೆಯ ಇಯತ್ತೆ ಮುಗಿದ ಮೇಲೆ ಎಷ್ಟೋ ಮಕ್ಕಳಿಗೆ ಆಡಲು ಮೈದಾನವೂ ಇರುವುದಿಲ್ಲ, ವೇಳೆಯೂ ಇರುವುದಿಲ್ಲ. ಆಡುವ ಹಕ್ಕಿರುವುದು ಈ ಮೂರು ವರ್ಷ ಮಾತ್ರ. ಆ ಅವಧಿಯನ್ನು ಅವರಿಗೇ ಬಿಟ್ಟುಕೊಡಿ.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ದೇಶಕ್ಕೆ ಆಡುವುದಿಲ್ಲ. ನಾನೂ ಆಡಲಿಲ್ಲ. ನಿಮ್ಮ ಕೈಗೆ ಚೆಂಡು ಬರುವ ನಾಲ್ಕು ನಿಮಿಷ ಬಂದಾಗ ಧೈರ್ಯದಿಂದ ಎಸೆಯಿರಿ. ಉಳಿದ ಮೂವತ್ತಾರು ನಿಮಿಷ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಡಿ. ಮುಂದೊಂದು ದಿನ ಆಡಿದ್ದು ಮುಗಿದಾಗ, ನಿಮಗಿಂತ ಚಿಕ್ಕವರಿಗೆ ಚೆಂಡು ದಾಟಿಸಿ.

ಅರ್ಧ ಅಂಗಣಕ್ಕೆ ಒಪ್ಪುವವರು, ಸಂಜೆ ಆಡಿಸಲು ಬರುವವರು, ಊಟಕ್ಕೆ ಮೊದಲು ಮುಖ್ಯೋಪಾಧ್ಯಾಯರ ಹತ್ತಿರ ಹೆಸರು ಬರೆಸಿರಿ. ಮೊದಲ ಹೆಸರು ನನ್ನದು ಈಗಾಗಲೇ ಬರೆಸಿದ್ದೇನೆ.